ಹಸಿರು ಚುಕ್ಕಿ

ಸಿದ್ಧಲಿಂಗೇಶನ ಮರ್ಯಾದೆ ಹೋದದ್ದು ಎರಡು ಸಮೋಸದಿಂದ. ಒಂದೇ ತಿಂದಿದ್ದರೆ ಉಳಿಯುತ್ತಿತ್ತೋ ಏನೋ, ಹೇಳಲು ಬರುವುದಿಲ್ಲ. ಆದರೆ ಆಸಾಮಿ ಒಂದಕ್ಕೆ ನಿಲ್ಲಿಸುವವನಲ್ಲ.

ಆರು ತಿಂಗಳಿಂದ ಅವನಿಗೆ ಸುಸ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಎಂಟು. ರಕ್ತ ಒಳಗೆ ಎಲ್ಲೋ ಸೋರುತ್ತಿರಬೇಕೆಂದು ಡಾಕ್ಟರು ಬಾಯಿಂದ ಒಂದು ಕೊಳವೆ ಇಳಿಸಿ ನೋಡಿದರು, ಕೆಳಗಿನಿಂದ ಇನ್ನೊಂದು ಏರಿಸಿ ನೋಡಿದರು. ಎರಡು ಕಡೆಯೂ ಏನೂ ಸಿಗಲಿಲ್ಲ. ಉಳಿದದ್ದು ನಡುವಿನ ಸಣ್ಣ ಕರುಳು, ಅಲ್ಲಿಗೆ ಕೊಳವೆ ಮುಟ್ಟುವುದಿಲ್ಲ. ಅದಕ್ಕೊಂದು ಗುಳಿಗೆ ಇದೆ, ಗುಳಿಗೆಯೊಳಗೆ ಕ್ಯಾಮೆರಾ ಇದೆ, ನುಂಗಿದರೆ ಅದು ಫೋಟೋ ತೆಗೆಯುತ್ತಾ ತನ್ನ ಪಾಡಿಗೆ ತಾನು ಹೋಗುತ್ತದೆ, ಸೊಂಟಕ್ಕೆ ಕಟ್ಟಿದ ಪೆಟ್ಟಿಗೆ ಆ ಫೋಟೋಗಳನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದರು. ಷರತ್ತು ಇಷ್ಟೇ. ಹಿಂದಿನ ಮಧ್ಯಾಹ್ನದಿಂದ ಗಂಜಿತಿಳಿ ಬಿಟ್ಟು ಏನೂ ಮುಟ್ಟಬಾರದು. ರಾತ್ರಿ ಒಂದು ಪುಡಿಯನ್ನು ಎರಡು ಲೀಟರ್ ನೀರಿಗೆ ಕಲಸಿ ಪೂರ್ತಿ ಕುಡಿದು ಹೊಟ್ಟೆ ತೊಳೆದುಕೊಳ್ಳಬೇಕು.

ಬುಧವಾರ ಸಂಜೆ ಆಫೀಸು ಬಿಡುವ ಹೊತ್ತಿಗೆ ಗಂಜಿತಿಳಿ ಎಲ್ಲಿಗೆ ಹೋಯಿತೋ ಅವನಿಗೇ ಗೊತ್ತಿಲ್ಲ. ಶಿವಾಜಿನಗರ ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ, ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಮುನೀರನ ಬಾಣಲೆಯ ವಾಸನೆ ಮೂಗಿಗೆ ಬಡಿಯಿತು. ನಾಳೆ ಇಡೀ ದಿನ ಉಪವಾಸ ಎಂಬುದು ನೆನಪಾಯಿತು. ಕಾಲು ತಾನಾಗಿಯೇ ಒಳಗೆ ತಿರುಗಿತು.

ಇಲ್ಲಿ ಸ್ವಲ್ಪ ನಿಂತು ಈ ಮನುಷ್ಯ ಯಾರೆಂದು ಹೇಳಬೇಕು. ಸಿದ್ಧಲಿಂಗೇಶ ರಾಣೆಬೆನ್ನೂರು ಕಡೆಯ ಲಿಂಗಾಯತ. ಅವನ ವಂಶದಲ್ಲಿ ಮೊಟ್ಟೆ ಒಡೆದವರಿಲ್ಲ. ತಿಂಡಿ ಪೊಟ್ಟಣಗಳಿಗೆ ಲೇಬಲ್ ಮುದ್ರಿಸುವ ಕಂಪನಿಯಲ್ಲಿ ಅವನ ಕೆಲಸ ಪ್ರೂಫ್ ನೋಡುವುದು. ಸಸ್ಯಾಹಾರಕ್ಕೆ ಹಸಿರು ಚುಕ್ಕಿ, ಮಾಂಸಾಹಾರಕ್ಕೆ ಕಂದು ಗುರುತು, ಒಂದರ ಜಾಗದಲ್ಲಿ ಇನ್ನೊಂದು ಬೀಳದಂತೆ ಇಪ್ಪತ್ತು ವರ್ಷ ಕಾಯ್ದವನು. ಕಲ್ಯಾಣ ನಗರದ ಅವನ ಮನೆಯ ಗೇಟಿನ ಮೇಲೆ ‘ಮೇಲಿನ ಮನೆ ಬಾಡಿಗೆಗೆ, ಶುದ್ಧ ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡಿದೆ. ಅದರ ಮೂಲೆಯಲ್ಲೂ ತನ್ನ ಕೈಯಾರೆ ಒಂದು ಹಸಿರು ಚುಕ್ಕಿ ಬರೆದಿದ್ದಾನೆ. ಹೋದ ತಿಂಗಳು ಮೇಲಿನ ಮನೆಯ ಶ್ರೀನಾಥ್ ಎಂಬ ಹುಡುಗ ಆಮ್ಲೆಟ್ ಮಾಡಿಕೊಂಡನೆಂದು ಹದಿನೈದು ದಿನದಲ್ಲಿ ಖಾಲಿ ಮಾಡಿಸಿದ. ಪಕ್ಕದ ಮನೆಯ ಶೇಖರಪ್ಪನವರು ಭಾನುವಾರದ ವಚನಗೋಷ್ಠಿಯಲ್ಲಿ ಎಲ್ಲರ ಎದುರು ಈ ವಿಷಯ ಎತ್ತಿ ಹೊಗಳಿದರು. ಸಿದ್ಧಲಿಂಗೇಶ ತಲೆ ತಗ್ಗಿಸಿ ಕೂತಿದ್ದ. ಅದು ವಿನಯ ಅಂದುಕೊಂಡರು ಎಲ್ಲರೂ.

ವಿನಯ ಎಲ್ಲಿಂದ ಬರಬೇಕು? ಆರು ವರ್ಷದಿಂದ ವಾರಕ್ಕೊಮ್ಮೆ ತಪ್ಪದೆ ಈ ಮಹಾನುಭಾವ ಮುನೀರನ ಅಂಗಡಿಯಲ್ಲಿ ಕೈಮಾ ಸಮೋಸ ತಿನ್ನುತ್ತಿದ್ದ. ಗಲ್ಲಿಯ ತಿರುವಿನಲ್ಲಿ ಹಣೆಯ ವಿಭೂತಿ ಒರೆಸಿಕೊಳ್ಳುವುದು, ಶಿವದಾರ ಕಾಣದಂತೆ ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುವುದು, ತಿಂದು ಒಂದು ಹಿಡಿ ಸೋಂಪು ಅಗಿದು ಬಸ್ಸು ಹತ್ತುವುದು. ಪ್ರತಿ ಸಲವೂ ಬಸ್ಸಿನಲ್ಲಿ ನಾಚಿಕೆ ಆಗುತ್ತಿತ್ತು, ನಿಜವಾಗಿ ಆಗುತ್ತಿತ್ತು. ಹೆಣ್ಣೂರು ಕ್ರಾಸ್ ಬರುವ ಹೊತ್ತಿಗೆ ಇನ್ನು ಮುಂದೆ ಇಲ್ಲ ಎಂದು ತೀರ್ಮಾನ ಮಾಡಿರುತ್ತಿದ್ದ. ಆ ತೀರ್ಮಾನ ಆರು ದಿನ ಗಟ್ಟಿಯಾಗಿ ನಿಲ್ಲುತ್ತಿತ್ತು.

ಮುನೀರನಿಗೂ ಅವನೆಂದರೆ ವಿಶೇಷ ಪ್ರೀತಿ. ಎಲ್ಲರಿಗೂ ದೊಡ್ಡ ಬಾಣಲೆಯಿಂದ ಕೊಟ್ಟರೆ, ಇವನಿಗೆ ಮಾತ್ರ ಒಳಗಿನ ಚಿಕ್ಕ ಬಾಣಲೆಯಲ್ಲಿ ಬೇರೆಯಾಗಿ ಕರಿದು, ಮುಚ್ಚಳದ ಸ್ಟೀಲ್ ಡಬ್ಬಿಯಿಂದ ತೆಗೆದು ಕೊಡುತ್ತಿದ್ದ. “ನಿಮ್ದು ಬೇರೆ ಇಟ್ಟಿದ್ದೀನಿ ಸಾರ್,” ಎನ್ನುತ್ತಿದ್ದ. ಕಳ್ಳತನದಲ್ಲೂ ತನಗೊಂದು ಸ್ಥಾನಮಾನ ಇದೆಯಲ್ಲ ಎಂದು ಸಿದ್ಧಲಿಂಗೇಶನಿಗೆ ಒಳಗೊಳಗೇ ಹೆಮ್ಮೆ.

ಅಂತೂ ಬುಧವಾರ ಎರಡು ಇಳಿಸಿದ. ರಾತ್ರಿ ಪುಡಿಯ ನೀರು ಬಾಯಿಗಿಟ್ಟರೆ ಉಪ್ಪಿನಲ್ಲಿ ಸೋಪು ಕದಡಿದ ರುಚಿ. ಅರ್ಧ ಕುಡಿದು, ಹೆಂಡತಿ ಶರಣಮ್ಮ ಆ ಕಡೆ ತಿರುಗಿದಾಗ ಉಳಿದರ್ಧವನ್ನು ಸಿಂಕಿಗೆ ಸುರಿದ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಹಲಸೂರು ಕೆರೆಯ ಹತ್ತಿರದ ಆಸ್ಪತ್ರೆ. ಅಲ್ಲಿನ ಟೆಕ್ನೀಷಿಯನ್ ಅಂಜಲಿ ಹೊರಗಿನವಳಲ್ಲ, ಶರಣಮ್ಮನ ಅಣ್ಣನ ಮಗಳು. ಅವಳೇ ಅವನ ಹೊಟ್ಟೆಯ ಮೇಲೆ ಎಂಟು ಅಂಟುಬಿಲ್ಲೆ ಹಚ್ಚಿ, ವೈರು ಎಳೆದು, ಸೊಂಟಕ್ಕೆ ಪೆಟ್ಟಿಗೆಯ ಬೆಲ್ಟು ಬಿಗಿದಳು. ಪೆಟ್ಟಿಗೆಯ ಮೇಲೆ ನೀಲಿ ದೀಪ ಮಿಣುಕತೊಡಗಿತು. ಗುಳಿಗೆ ಗಂಟಲಲ್ಲಿ ಇಳಿಯಿತು.

“ಆಯ್ತು ಮಾಮ. ಸೆಕೆಂಡಿಗೆ ಎರಡು ಫೋಟೋ. ಸಂಜೆ ಹೊತ್ತಿಗೆ ಐವತ್ತು ಸಾವಿರ ದಾಟುತ್ತೆ. ಆಫೀಸಿಗೆ ಹೋಗಿ, ಓಡಾಡಿ, ಐದು ಗಂಟೆಗೆ ಬಂದು ಬೆಲ್ಟ್ ಕೊಡಿ.”

“ಅಷ್ಟೂ ಫೋಟೋ ಯಾರು ನೋಡ್ತಾರಮ್ಮ?”

“ಮೊದಲು ನಾನೇ. ಬೇಕಾದ್ದು ಆರಿಸಿ ಡಾಕ್ಟರಿಗೆ ಕೊಡ್ತೀನಿ.”

“ತಿಂದಿದ್ದೆಲ್ಲ ಕಾಣುತ್ತಾ?”

“ಕಾಣದೆ ಏನು? ಹೋದ ವಾರ ಒಬ್ಬರ ಹೊಟ್ಟೇಲಿ ಟೊಮೇಟೊ ಸಿಪ್ಪೆ ಹಾಗೇ ಇತ್ತು. ಅತ್ತೆ ಬೇರೆ ನಿನ್ನೆ ಫೋನ್ ಮಾಡಿ, ನಂಗೂ ತೋರ್ಸೇ, ನಿಮ್ಮ ಮಾಮ ಬೇಕರೀಲಿ ಏನೇನು ತಿಂತಾರೋ ನೋಡ್ಬಿಡೋಣ ಅಂದ್ರು,” ಎಂದು ನಕ್ಕಳು.

ಸಿದ್ಧಲಿಂಗೇಶ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಹೆಂಡತಿ ಸಂಜೆ ಐದಕ್ಕೆ ತನ್ನ ಹೊಟ್ಟೆಯೊಳಗಿನ ಕೈಮಾ ನೋಡುತ್ತಾಳೆ. ಸೆಕೆಂಡಿಗೆ ಎರಡು ಸಲ ನೋಡುತ್ತಾಳೆ.

ಆಫೀಸಿಗೆ ಹೋದರೆ ಅಲ್ಲಿ ಇನ್ನೊಂದು ಕಾಟ. ಅಂಗಿಯ ಕೆಳಗಿಂದ ನೀಲಿ ಬೆಳಕು ಕಂಡ ಅಟೆಂಡರ್ ನಿಂಗಣ್ಣ ವಿಷಯ ಬಾಯಿ ಬಿಡಿಸಿಯೇ ಬಿಟ್ಟ. ಹತ್ತು ನಿಮಿಷದಲ್ಲಿ ಇಡೀ ಆಫೀಸಿಗೆ ಹಬ್ಬಿತು. ಡಿಸೈನ್ ವಿಭಾಗದ ಕಮರುನ್ನೀಸಾ ಮೇಡಂ ಬಂದು, “ಸಿದ್ಧಲಿಂಗೇಶ್ ಅವರೇ, ನೋವಾಗ್ತಿದ್ಯಾ?” ಎಂದು ಕೇಳಿದರು. ಅವನು ಉತ್ತರಕ್ಕೆ ಬಾಯಿ ತೆರೆದದ್ದೇ ತಡ, ನಿಂಗಣ್ಣ ಅವರನ್ನು ಪಕ್ಕಕ್ಕೆ ಎಳೆದ.

“ಎದುರಿಗೆ ನಿಲ್ಬೇಡಿ ಮೇಡಂ. ಬಾಯಿ ತೆಗೆದಾಗ ಫೋಟೋ ಬೀಳ್ತದೆ.”

“ಅದು ಹೊಟ್ಟೇಲಿದೆ ನಿಂಗಣ್ಣ,” ಎಂದ ಸಿದ್ಧಲಿಂಗೇಶ.

“ಇರ್ಲಿ ಸಾರ್. ನೀವು ಬಾಯಿಗೆ ಕರ್ಚೀಫ್ ಹಿಡ್ಕೊಂಡು ಮಾತಾಡಿ. ಮ್ಯಾನೇಜರ್ ಬಗ್ಗೆ ನಾವು ನಾಕು ಜನ ಮಾತಾಡೋ ಟೈಮಿದು.”

ಅಲ್ಲಿಂದ ಮುಂದೆ ಅವನು ಆಕಳಿಸಿದರೆ ಸಾಕು, ಎದುರಿಗಿದ್ದವರು ಕುರ್ಚಿ ತಿರುಗಿಸಿಕೊಳ್ಳುತ್ತಿದ್ದರು. ಸಿದ್ಧಲಿಂಗೇಶನಿಗೆ ಇದ್ಯಾವುದೂ ಮನಸ್ಸಿಗೆ ಹತ್ತಲಿಲ್ಲ. ಸಮೋಸವನ್ನು ಕ್ಯಾಮೆರಾಕ್ಕಿಂತ ಮುಂದೆ ಓಡಿಸುವುದು ಹೇಗೆಂಬುದೇ ಅವನ ಚಿಂತೆ. ನಾಲ್ಕು ಬಾಟಲಿ ನೀರು ಕುಡಿದ. ಮೆಟ್ಟಿಲು ಎರಡು ಸಲ ಹತ್ತಿ ಇಳಿದ, ಮೂರನೆಯ ಸಲಕ್ಕೆ ತಲೆ ತಿರುಗಿ ಅಲ್ಲೇ ಕೂತ. ಮೇಜಿನ ಮೇಲಿದ್ದ ಪ್ರೂಫ್ ಹಾಳೆಯಲ್ಲಿ ಬಿಸ್ಕತ್ತಿನ ಲೇಬಲ್ಲಿಗೆ ಕಂದು ಗುರುತು ಬಿದ್ದಿದ್ದರೂ ಸರಿ ಎಂದು ಸಹಿ ಹಾಕಿದ. ಕಮರುನ್ನೀಸಾ ಮೇಡಂ ನೋಡಿ ತಂದು ತೋರಿಸದಿದ್ದರೆ ಅವತ್ತು ಒಂದು ಲಕ್ಷ ಬಿಸ್ಕತ್ತು ಪೊಟ್ಟಣ ಮಾಂಸಾಹಾರ ಆಗುತ್ತಿದ್ದವು.

ಮಧ್ಯಾಹ್ನ ತಡೆಯಲಾಗಲಿಲ್ಲ. ನೇರ ಮುನೀರನ ಅಂಗಡಿಗೆ ಹೋದ. ಅವನ ಸೊಂಟದ ಮಿಣುಕು ದೀಪ, ಅಂಗಿಯ ಸಂದಿಯ ವೈರು ನೋಡಿ ಮುನೀರ್ ಜಾಲರಿ ಸೌಟನ್ನು ಬಾಣಲೆಯಲ್ಲೇ ಬಿಟ್ಟ.

“ಏನ್ ಸಾರ್ ಇದು? ಟೀವಿಯೋರು ಕಳ್ಸಿದ್ರಾ?”

“ಟೀವಿ ಅಲ್ಲಪ್ಪ, ಆಸ್ಪತ್ರೆ. ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟಿದ್ದಾರೆ.” ದನಿ ತಗ್ಗಿಸಿ ಕೇಳಿದ. “ನಿಜ ಹೇಳು ಮುನೀರ್. ಕೈಮಾ ಹೊಟ್ಟೇಲಿ ಎಷ್ಟು ಗಂಟೆ ಇರುತ್ತೆ? ನೋಡಿದ್ರೆ ಗೊತ್ತಾಗುತ್ತಾ, ಇದು ಕೈಮಾ ಅಂತ?”

ಮುನೀರನ ಮುಖ ಬಿಳುಚಿತು. “ನಮ್ ಸಮೋಸ ತಿಂದು ಹಿಂಗಾಯ್ತಾ ಸಾರ್?”

ಒಳಗೆ ಹಿಟ್ಟು ಲಟ್ಟಿಸುತ್ತಿದ್ದ ಅವನ ಹೆಂಡತಿ ಉಮ್ಮೆ ಕುಲ್ಸುಂ ತಲೆ ಹೊರಗೆ ಹಾಕಿದಳು. “ನಿಮ್ ಸಮೋಸದಿಂದ ಏನೂ ಆಗಲ್ಲ ಸಾರ್. ಹೆದರ್ಕೋಬೇಡಿ. ಅದ್ರಲ್ಲಿ ಏನಿದೆ ಅಂತ...”

“ನೀ ಸುಮ್ನಿರು,” ಎಂದ ಮುನೀರ್. ಆಮೇಲೆ ಸಿದ್ಧಲಿಂಗೇಶನ ಕಡೆ ತಿರುಗಿ, “ಸಾರ್, ಒಂದು ಮಾತು ಬಹಳ ದಿನದಿಂದ ಹೇಳ್ಬೇಕು ಅಂತಿದ್ದೆ,” ಎಂದು ಶುರು ಮಾಡಿದ. ಅಷ್ಟರಲ್ಲಿ ಸಿದ್ಧಲಿಂಗೇಶನ ಫೋನು ಬಡಿದುಕೊಂಡಿತು. ಶರಣಮ್ಮ.

“ರೀ, ಅಂಜಲಿ ಫೋನ್ ಮಾಡಿದ್ಳು. ಗುಳಿಗೆ ಎಲ್ಲಿದೆ ಅಂತ ಈಗ್ಲೇ ಒಂಚೂರು ನೋಡಿದ್ಳಂತೆ. ಯಾಕೋ ಸರಿ ಇಲ್ಲ ಅತ್ತೆ, ಸಂಜೆ ನೀವೂ ಬನ್ನಿ, ಮಾಮನ್ನ ಒಂದು ವಿಷಯ ಕೇಳ್ಬೇಕು ಅಂದ್ಳು. ನಂಗೆ ಕೈಕಾಲು ಆಡ್ತಿಲ್ಲ. ಶೇಖರಪ್ಪನೋರು ಕಾರಲ್ಲಿ ಕರ್ಕೊಂಡು ಬರ್ತಾರೆ.”

ಈ ಪೆಟ್ಟಿಗೆ ಆಗಿನ ಫೋಟೋವನ್ನು ಆಗಲೇ ದೂರಕ್ಕೂ ಕಳಿಸುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಮುನೀರನ ಮಾತು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ಹಣೆ ಮುಟ್ಟಿಕೊಂಡ. ವಿಭೂತಿ ಒರೆಸುವುದನ್ನೇ ಮರೆತಿದ್ದ. ಹಾಗೇ ಆಫೀಸಿನ ಕಡೆ ನಡೆದ.

ಐದು ಗಂಟೆಗೆ ಆಸ್ಪತ್ರೆಯ ಚಿಕ್ಕ ಕೋಣೆಯಲ್ಲಿ ನಾಲ್ವರು ಸೇರಿದರು. ಶರಣಮ್ಮ ಕುರ್ಚಿಯ ತುದಿಯಲ್ಲಿ ಕೂತಿದ್ದಳು, ಕಣ್ಣು ಕೆಂಪಾಗಿತ್ತು. ಶೇಖರಪ್ಪನವರು ಬರೀ ಕಾರು ಓಡಿಸಲು ಬಂದವರು, ಧೈರ್ಯಕ್ಕೆ ಇರಲಿ ಎಂದು ಒಳಗೂ ಬಂದರು. ಅಂಜಲಿ ಬೆಲ್ಟು ಬಿಚ್ಚಿ, ಕಂಪ್ಯೂಟರಿಗೆ ತಗುಲಿಸಿ, ಪರದೆ ಈ ಕಡೆ ತಿರುಗಿಸಿದಳು. ಗುಲಾಬಿ ಬಣ್ಣದ ಗೋಡೆ, ಅದರ ಮೇಲೆ ಕಂದು ಕಂದು ಹರಳು, ಮಬ್ಬು. ಮುಂದಿನ ಫೋಟೋದಲ್ಲೂ ಹರಳು. ಅದರ ಮುಂದಿನದರಲ್ಲೂ ಹರಳು.

ಸಿದ್ಧಲಿಂಗೇಶ ಹೆಂಡತಿಯ ಮುಖ ನೋಡಿದ. ಅವಳು ಪರದೆಯನ್ನೇ ನೋಡುತ್ತಾ ಸೆರಗಿನ ತುದಿ ಹಿಂಡುತ್ತಿದ್ದಳು. ತನಗೆ ಏನೋ ದೊಡ್ಡ ಕಾಯಿಲೆ ಎಂದು ಹೆದರಿದ್ದಾಳೆ. ಇವಳ ಎದುರು ಆರು ವರ್ಷ ಸೋಂಪು ಅಗಿದ ಬಾಯಲ್ಲಿ ಮಾತಾಡಿದೆನಲ್ಲ ಎಂದು ಅವನಿಗೆ ಕಿವಿ ಬಿಸಿಯಾಯಿತು.

“ಮಾಮ, ನಿಜ ಹೇಳಿ,” ಎಂದಳು ಅಂಜಲಿ. “ನಿನ್ನೆ ಏನು ಮಾಡಿದ್ರಿ?”

ಮುಗಿಯಿತು. ಕಟ್ಟೆ ಒಡೆಯಿತು.

“ತಿಂದೆ ಅಂಜಲಿ. ಕೈಮಾ ಸಮೋಸ. ಎರಡು. ನಿನ್ನೆ ಒಂದೇ ದಿನ ಅಲ್ಲ, ಆರು ವರ್ಷದಿಂದ ತಿಂತಿದ್ದೀನಿ. ಶಿವಾಜಿನಗರದಲ್ಲಿ. ವಿಭೂತಿ ಒರೆಸ್ಕೊಂಡು ಹೋಗಿ ತಿಂತೀನಿ. ಶರಣಿ, ನನ್ನ ತಪ್ಪಾಯ್ತು ಕಣೇ. ನಂಗೆ ನಿನ್ನ ಮುಖ ನೋಡೋ ಯೋಗ್ಯತೆ ಇಲ್ಲ.”

ಶೇಖರಪ್ಪನವರು ತಾವು ಕೂತಿದ್ದ ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಸರಿಸಿಕೊಂಡರು.

ಅಂಜಲಿ ಅತ್ತೆಯ ಮುಖ ನೋಡಿದಳು. “ನಾನು ಕೇಳಿದ್ದು ಪುಡಿ ಬಗ್ಗೆ ಮಾಮ. ಪೂರ್ತಿ ಕುಡಿದ್ರಾ ಅಂತ. ಹೊಟ್ಟೆ ಕ್ಲೀನಾಗಿಲ್ಲ, ಒಂದು ಫೋಟೋನೂ ಸರಿ ಬಂದಿಲ್ಲ, ಅದಕ್ಕೆ ಅತ್ತೆ ಕೈಲಿ ಎದುರಿಗೇ ಬುದ್ಧಿ ಹೇಳಿಸೋಣ ಅಂತ ಕರೆದೆ. ಅದು ಕೈಮಾನೋ ಕಡಲೆಬೇಳೇನೋ ಯಾರಿಗೆ ಗೊತ್ತಾಗುತ್ತೆ? ಹೊಟ್ಟೆಗೆ ಹೋದ್ಮೇಲೆ ಎಲ್ಲಾ ಹಿಂಗೇ ಇರುತ್ತೆ.”

“ಟೊಮೇಟೊ ಸಿಪ್ಪೆ ಕಾಣುತ್ತೆ ಅಂದ್ಯಲ್ಲಮ್ಮ?”

“ಸಿಪ್ಪೆ ಕರಗಲ್ಲ ಮಾಮ.” ಅವಳು ಬೆಲ್ಟು ಸುತ್ತಿಡುತ್ತಾ, “ನಾಳೆ ಬೆಳಿಗ್ಗೆ ಇನ್ನೊಂದು ಗುಳಿಗೆ ನುಂಗ್ಬೇಕಾಗುತ್ತೆ. ಈಗಿನದು ಸಣ್ಣ ಕರುಳು ದಾಟಿದೆ, ಅದರ ಚಿಂತೆ ಬೇಡ. ಇವತ್ತು ರಾತ್ರಿ ಪುಡಿ ಪೂರ್ತಿ ಕುಡೀಬೇಕು. ಆದ್ರೆ ಒಂದು ಅರ್ಥ ಆಗ್ತಿಲ್ಲ. ಆರು ವರ್ಷ ಮಾಂಸ ತಿಂದೋರಿಗೆ ಹಿಮೋಗ್ಲೋಬಿನ್ ಎಂಟು ಹೇಗಾಯ್ತು?” ಎಂದಳು.

ಕಾರಿನಲ್ಲಿ ಶೇಖರಪ್ಪನವರು ಕಿಟಕಿಗಳನ್ನೆಲ್ಲ ಇಳಿಸಿ ಓಡಿಸಿದರು. ಮನೆ ಬಂತು. ಶರಣಮ್ಮ ಒಳಗೆ ಹೋದವಳು ಸ್ಟೂಲು, ಸ್ಕ್ರೂಡ್ರೈವರ್ ಹಿಡಿದು ಹೊರಗೆ ಬಂದಳು. ಗೇಟಿನ ಬೋರ್ಡು ಬಿಚ್ಚಿ ಗೋಡೆಗೆ ಒರಗಿಸಿದಳು.

“ಶರಣಿ, ಬೈಯಾದ್ರೂ ಬೈಯೇ,” ಎಂದ ಸಿದ್ಧಲಿಂಗೇಶ.

“ತಿಂದಿದ್ದು ನಿಮ್ಮ ಹೊಟ್ಟೆ, ನಿಮ್ಮಿಷ್ಟ,” ಎಂದಳು ಅವಳು. “ಆ ಹುಡುಗ ಶ್ರೀನಾಥ ಜ್ವರದಲ್ಲಿ ಒಂದು ಆಮ್ಲೆಟ್ ಮಾಡ್ಕೊಂಡ. ಅವನ ಸಾಮಾನು ಬೀದಿಗೆ ಇಡಿಸಿದ್ರಿ. ನಾನೂ ಬಾಗಿಲಲ್ಲಿ ನಿಂತು ನೋಡಿದೆ. ಅದಕ್ಕೆ ನಂಗೆ ನಾಚಿಕೆ ಆಗ್ತಿದೆ ರೀ. ನಿಮ್ಮ ಜೊತೆ ನಂಗೂ.”

ಸಿದ್ಧಲಿಂಗೇಶನಿಗೆ ಬಿಲ್ಲೆ ಕಿತ್ತ ಜಾಗ ಹೊಟ್ಟೆಯ ಮೇಲೆ ಎಂಟು ಕಡೆ ಉರಿಯುತ್ತಿತ್ತು. ಕೆರೆದುಕೊಳ್ಳಲೂ ಸಂಕೋಚವಾಗಿ ಹಾಗೇ ನಿಂತ.

ಆಗಲೇ ಗೇಟಿನ ಮುಂದೆ ಒಂದು ಸ್ಕೂಟರ್ ಬಂದು ನಿಂತಿತು. ಮುನೀರ್. ಹಿಂದೆ ಉಮ್ಮೆ ಕುಲ್ಸುಂ, ಅವಳ ಮಡಿಲಲ್ಲಿ ಅದೇ ಸ್ಟೀಲ್ ಡಬ್ಬಿ. ಮಧ್ಯಾಹ್ನ ಸಿದ್ಧಲಿಂಗೇಶನ ಹಿಂದೆಯೇ ಆಫೀಸಿನವರೆಗೆ ಹೋಗಿ ವಿಚಾರಿಸಿದಾಗ ವಿಳಾಸ ಕೊಟ್ಟದ್ದು ನಿಂಗಣ್ಣನಂತೆ. ಆಮೇಲೆ ಮುನೀರನಿಗೆ ಕೈ ಕೆಲಸಕ್ಕೆ ಏಳಲಿಲ್ಲವಂತೆ. ತನ್ನ ಸಮೋಸದಿಂದಲೇ ಸಾರ್‌ಗೆ ಹೊಟ್ಟೆ ಕೆಟ್ಟು ಕ್ಯಾಮೆರಾ ಇಳಿಸಿದ್ದಾರೆಂದು ಅವನು ತಿಳಿದಿದ್ದ. ಶೇಖರಪ್ಪನವರು ತಮ್ಮ ಮನೆಗೆ ಹೋಗಲು ಎತ್ತಿದ ಹೆಜ್ಜೆಯನ್ನು ಅಲ್ಲೇ ನಿಲ್ಲಿಸಿದರು.

ಮುನೀರ್ ಚೀಲದಿಂದ ಒಂದು ಪೊಟ್ಟಣ ತೆಗೆದು ಶರಣಮ್ಮನ ಕೈಗೆ ಕೊಟ್ಟ. “ಅಮ್ಮ, ಇದನ್ನ ಡಾಕ್ಟರಿಗೆ ತೋರ್ಸಿ. ಸಾರ್ ಸಮೋಸಕ್ಕೆ ನಾನು ಹಾಕ್ತಿದ್ದಿದ್ದು ಇದೇ. ಬೇರೇನೂ ಇಲ್ಲ.”

ಸೋಯಾ ತರಿಯ ಪೊಟ್ಟಣ.

“ಕೈಮಾ?” ಎಂದ ಸಿದ್ಧಲಿಂಗೇಶ.

“ಒಂದು ದಿನಾನೂ ಕೊಟ್ಟಿಲ್ಲ ಸಾರ್. ಮೊದಲನೇ ದಿನ ನೀವು ಬಂದಾಗ ಹಣೆ ತುಂಬ ವಿಭೂತಿ, ಕತ್ತಲ್ಲಿ ದಾರ. ಕೈಮಾ ಕೊಡಪ್ಪ ಅಂದ್ರಿ. ನಂಗೆ ಕೊಡೋಕೆ ಕೈ ಬರ್ಲಿಲ್ಲ. ದೊಡ್ಡೋರು ಬಾಯಿಬಿಟ್ಟು ಕೇಳಿದ್ರು, ಇಲ್ಲ ಅನ್ನೋಕೂ ಮನಸ್ಸು ಬರ್ಲಿಲ್ಲ. ಇವಳು ಒಳಗೆ ಸೋಯಾ ಹುರಿದು, ಬೇರೆ ಎಣ್ಣೇಲಿ, ಬೇರೆ ಬಾಣಲೇಲಿ ಕರಿದು ಕೊಟ್ಳು. ಮಾರನೇ ವಾರದಿಂದ ನೀವು ಒರೆಸ್ಕೊಂಡು ಬರೋಕೆ ಶುರು ಮಾಡಿದ್ರಿ. ಒರೆಸಿದ್ರೂ ಮೂರು ಗೆರೆ ಕಾಣ್ತಿತ್ತು ಸಾರ್. ಹೇಳಿದ್ರೆ ನಿಮಗೆ ಅವಮಾನ ಆಗ್ತದೆ ಅಂತ ಸುಮ್ನಿದ್ದೆ.”

ಸಿದ್ಧಲಿಂಗೇಶ ಹೆಂಡತಿಯ ಕೈಯಿಂದ ಪೊಟ್ಟಣ ತೆಗೆದುಕೊಂಡ. ಲೇಬಲ್ಲು ಅವನಿಗೆ ಗೊತ್ತಿದ್ದದ್ದೇ. ಚುಕ್ಕಿಯ ಬಣ್ಣ ಗಾಢವಾಯಿತೆಂದು ತಾನೇ ಎರಡು ಸಲ ವಾಪಸ್ ಕಳಿಸಿ, ತಿದ್ದಿಸಿ, ಸಹಿ ಹಾಕಿದ ಹಸಿರು ಚುಕ್ಕಿ.

ಒಂದು ಕ್ಷಣ ಅವನ ಮುಖ ಅರಳಿತು. “ಕೇಳಿದ್ಯಾ ಶರಣಿ? ನಾನು ತಿಂದೇ ಇಲ್ಲ. ಶೇಖರಪ್ಪನೋರೇ, ಕೇಳಿದ್ರಾ? ಆರು ವರ್ಷ, ಒಂದು ಚೂರು ತಿಂದಿಲ್ಲ. ನಾನು ಶುದ್ಧ ಸಸ್ಯಾಹಾರಿ.”

“ಹೇಳಿಕೊಟ್ಟು ಕರ್ಸಿರೋ ಹಾಗಿದೆ,” ಎಂದರು ಶೇಖರಪ್ಪನವರು, ಯಾರ ಮುಖವನ್ನೂ ನೋಡದೆ.

ಶರಣಮ್ಮ ಮುನೀರನಿಗೆ ಕೈ ಮುಗಿದಳು. “ಒಳಗೆ ಬನ್ನಿ ಅಣ್ಣ. ನೀನೂ ಬಾರಮ್ಮ.” ಆಮೇಲೆ ಗಂಡನ ಕಡೆ ತಿರುಗಿದಳು. “ಅವರು ಕೊಟ್ಟಿದ್ದು ಸೋಯಾ. ನೀವು ತಿಂದಿದ್ದು ಕೈಮಾನೇ.”

ಅರಳಿದ ಮುಖ ಅಲ್ಲೇ ಮುದುಡಿತು. ಅವಳ ಲೆಕ್ಕದಲ್ಲಿ ತಪ್ಪು ಹುಡುಕಲು ಅವನು ನಿಜವಾಗಿ ಪ್ರಯತ್ನಿಸಿದ. ಸಿಗಲಿಲ್ಲ. ಆರು ವರ್ಷ ತಿಂದ ನಾಚಿಕೆ ಹಾಗೇ ಉಳಿಯಿತು, ಅದರ ಮೇಲೆ ತಿಂದೇ ಇಲ್ಲವೆಂಬ ನಾಚಿಕೆ ಬಂದು ಕೂತಿತು.

ಡಬ್ಬಿಯಲ್ಲಿ ಹನ್ನೆರಡು ಸಮೋಸ ಇದ್ದವು, ಬಿಸಿಯಾಗಿಯೇ ಇದ್ದವು. ಶರಣಮ್ಮ ತಟ್ಟೆ ತಂದು ಗಂಡನನ್ನು ಬಿಟ್ಟು ಎಲ್ಲರಿಗೂ ಹಂಚಿ ತಾನೂ ಒಂದು ಮುರಿದಳು. “ಚೆನ್ನಾಗಿದೆ ಕಣಮ್ಮ, ಏನೇನು ಹಾಕ್ತೀಯಾ?” ಎಂದು ಕುಲ್ಸುಂಳನ್ನು ಕೇಳಿದಳು. ಶೇಖರಪ್ಪನವರು ಮೊದಲು ಬೇಡವೆಂದರು. ಆಮೇಲೆ ಪೊಟ್ಟಣವನ್ನು ಕನ್ನಡಕ ಹಾಕಿಕೊಂಡು ಹಿಂದೆ ಮುಂದೆ ಓದಿ, ಚುಕ್ಕಿಯನ್ನು ಉಗುರಿನಿಂದ ಕೆರೆದು ನೋಡಿ, ಪರೀಕ್ಷೆಗೆಂದು ಒಂದು ತೆಗೆದುಕೊಂಡರು. ಸ್ವಲ್ಪ ಹೊತ್ತಿನ ಮೇಲೆ, ಒಂದರಲ್ಲಿ ಏನೂ ಗೊತ್ತಾಗುವುದಿಲ್ಲವೆಂದು ಇನ್ನೆರಡು ತೆಗೆದುಕೊಂಡರು.

ಶರಣಮ್ಮ ಕೈ ತೊಳೆದು ಫೋನು ಎತ್ತಿಕೊಂಡಳು. ಕೆ.ಆರ್. ಪುರದ ಪೀಜಿಯಲ್ಲಿದ್ದ ಶ್ರೀನಾಥನಿಗೆ ಕರೆ ಹೋಯಿತು. “ಶ್ರೀನಾಥ, ನಾನಪ್ಪ, ಕಲ್ಯಾಣ ನಗರದ ಶರಣಮ್ಮ. ಮೇಲಿನ ಮನೆ ಇನ್ನೂ ಖಾಲಿ ಇದೆ. ಇರು, ಅಂಕಲ್ ನಿನ್ನ ಹತ್ರ ಏನೋ ಹೇಳ್ಬೇಕಂತೆ.”

ಫೋನು ಸಿದ್ಧಲಿಂಗೇಶನ ಒಂದು ಕೈಗೆ ಬಂತು. ಇನ್ನೊಂದು ಕೈಗೆ ಪುಡಿ ಕಲಸಿದ ನೀರಿನ ದೊಡ್ಡ ಲೋಟ ಬಂತು. ಶರಣಮ್ಮ ಸಿಂಕಿಗೂ ಅವನಿಗೂ ನಡುವೆ ಕುರ್ಚಿ ಹಾಕಿಕೊಂಡು ಕೂತಳು.

“ಹಲೋ ಅಂಕಲ್,” ಎಂದಿತು ಫೋನು. “ಹೇಳಿ, ಕೇಳಿಸ್ತಿದೆ.”